ರೇಹಾನ್ ಅಂದರೆ ಯಾವ ಗಿಡ?

ನನಗಾಗ ಅರವತ್ತೆಂಟು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಬೇರೆ ಹೆಂಗಸರು ಮೊಣಕಾಲಿನ ಚಿಂತೆ ಮಾಡುತ್ತಾರೆ. ನನಗೆ ಪಕ್ಕದ ಮನೆಯ ಕೂಸಿನ ಹೆಸರಿನ ಚಿಂತೆ ಹತ್ತಿಕೊಂಡಿತು. ಮೊಣಕಾಲೂ ನೋಯುತ್ತಿತ್ತು, ಅದು ಬೇರೆ.

ಪಕ್ಕದ ಮನೆ ಜೈನಾಬಿಯದು. ದೇವನಹಳ್ಳಿಯ ಈ ಬೀದಿಗೆ ನಾನೂ ಅವಳೂ ಸೊಸೆಯರಾಗಿ ಬಂದವರು. ಈಗ ಇಬ್ಬರೂ ಅತ್ತೆಯರು, ಇಬ್ಬರಿಗೂ ಗಂಡ ಇಲ್ಲ. ನಾನು ಕುಂದಾಣದ ದಾರಿಯ ತುಂಡು ಹೊಲದಲ್ಲಿ ಹೂವು ಬೆಳೆದು, ಕಟ್ಟಿ ಮಾರುತ್ತೇನೆ. ಅವಳ ಮಗನಿಗೆ ಚಪ್ಪಲಿ ಅಂಗಡಿ ಇದೆ. ಅವನ ಹೆಂಡತಿ ಶಬಾನಾಗೆ ಮೊದಲು ಹುಟ್ಟಿದ ಗಂಡುಕೂಸು ವಾರ ತುಂಬುವ ಮೊದಲೇ ಹೋಗಿಬಿಟ್ಟಿತ್ತು. ಎರಡು ವರ್ಷ ಬಿಟ್ಟು ಇನ್ನೊಂದು ಹುಟ್ಟಿತು, ಅದೂ ಗಂಡೇ. ಇದು ಉಳಿದು ಬೆಳೆಯಬೇಕು, ಒಳ್ಳೆಯ ಹೆಸರು ಹೊರಬೇಕು. ಅದಕ್ಕಿಂತ ದೊಡ್ಡ ವಿಷಯ ಆ ಮನೆಯಲ್ಲಿ ಆಗ ಯಾವುದೂ ಇರಲಿಲ್ಲ.

ಜೈನಾಬಿಗೆ ಸತ್ತ ಗಂಡನ ಹೆಸರು ಗಫೂರ್ ಎಂದಿಡುವ ಆಸೆ. ಶಬಾನಾಗೆ ರೇಹಾನ್ ಆಗಬೇಕು.

"ಗಫೂರ್ ಅಂದ್ರೆ ಕೂಸು ತೊಟ್ಲಲ್ಲೇ ಮುದುಕ ಆಗೋಯ್ತದೆ ಅಜ್ಜೀ" ಅಂದಳು ಹುಡುಗಿ, ಗೋಡೆಯ ಆಚೆಯಿಂದ.

"ಮೆತ್ತಗೆ ಹೇಳೇ, ನಿಮ್ಮತ್ತೆ ಕಣ್ಣು ಮಂಜಾಗೈತೆ, ಕಿವಿ ಇನ್ನೂ ಚೂಪು."

ಏಳನೇ ದಿನ ಇಡಬೇಕಾದ ಹೆಸರು ಈ ಜಗ್ಗಾಟದಲ್ಲಿ ಹಿಂದಕ್ಕೆ ಹೋಯಿತು. ಕೊನೆಗೆ ಜೈನಾಬಿಯೇ ಸೋತಳು. ಒಂದು ಕೂಸನ್ನು ಕಳೆದುಕೊಂಡ ಹುಡುಗಿ, ಅವಳ ಇಷ್ಟವೇ ಆಗಲಿ ಎಂದು ಬಿಟ್ಟುಕೊಟ್ಟಳು. ನಲವತ್ತು ದಿನ ತುಂಬಿದಾಗ ಬಾಣಂತಿಗೆ ನೀರು ಹಾಕಿ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ, ಚಿಲ್ಲಾ ಎನ್ನುತ್ತಾರೆ. ಅಂದೇ ಹೆಸರು ಕರೆಯುವುದೆಂದಾಯಿತು.

ನಾನು ಸುಮ್ಮನಿರಬಹುದಿತ್ತು. ಆದರೆ ಶಬಾನಾಳನ್ನು ಕೇಳಿದೆ, "ರೇಹಾನ್ ಅಂದ್ರೆ ಏನೇ?"

"ವಾಸನೆ ಇರೋ ಗಿಡ ಅಂತೆ ಅಜ್ಜೀ."

"ಯಾವ ಗಿಡ?"

"ಗಿಡ ಅಷ್ಟೇ. ಫೋನಲ್ಲಿ ಅಷ್ಟೇ ಐತೆ."

ಹೂವಿನವಳಿಗೆ ಇದು ಉತ್ತರವೇ? ಮರುಗವೂ ವಾಸನೆ, ದವನವೂ ವಾಸನೆ. ಮಳೆಗಾಲದಲ್ಲಿ ಚರಂಡಿ ಪಕ್ಕ ಹುಟ್ಟುವ ಒಂದು ಗಿಡವಿದೆ, ಅದಕ್ಕೂ ವಾಸನೆಯಿದೆ.

ಹೆಸರಿನ ಅರ್ಥದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಕುತೂಹಲ. ನನ್ನ ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದವು ಉಳಿಯಲಿಲ್ಲವಂತೆ. ಅದಕ್ಕೆ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೊರದಲ್ಲಿ ಎತ್ತಿಕೊಂಡು ಬಂದು, ಈ ಹೆಸರಿಟ್ಟರು. ಕಸವೆಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂಬ ಉಪಾಯ. ಸಾವು ಅಷ್ಟು ದಡ್ಡನೋ ಏನೋ ತಿಳಿಯದು, ನಾನಂತೂ ಉಳಿದೆ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೂರನೇ ಕ್ಲಾಸಿಗೆ ನಾನು ಹೋಗಲಿಲ್ಲ. ಅದಕ್ಕೆ ಕಾರಣ ಹೆಸರಲ್ಲ, ಮನೆಯ ಎಮ್ಮೆ.

ಹೆಸರೂ ಹೂವಿನ ಬೆಳೆಯ ಹಾಗೆಯೇ. ಒಂದು ವರ್ಷ ಒಬ್ಬ ಸೇವಂತಿಗೆ ಹಾಕಿದರೆ ಮುಂದಿನ ವರ್ಷ ಊರೆಲ್ಲ ಸೇವಂತಿಗೆ. ನಾನು ಮದುವೆಯಾಗಿ ಬಂದಾಗ ಈ ಬೀದಿಯಲ್ಲಿ ಮುನಿಯಪ್ಪ ಎಂದು ಕೂಗಿದರೆ ಮನೆಗೊಬ್ಬ ಹೊರಗೆ ಬರುತ್ತಿದ್ದ. ಬಾಷಾ ಎಂದರೆ ಮಸೀದಿಯ ಬೀದಿ ಪೂರ್ತಿ ತಿರುಗುತ್ತಿತ್ತು. ಈಗ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಕೂತರೆ, ನಮ್ಮವರು ವಿಹಾನ್ ಎಂದು ಕೂಗುತ್ತಾರೆ, ಅವರು ರೇಹಾನ್, ಅಯಾನ್ ಎಂದು ಕೂಗುತ್ತಾರೆ. ಎಲ್ಲವೂ ಒಂದೇ ಥರದ ಬ್ಯಾಗು ಹೊತ್ತು ಒಂದೇ ವ್ಯಾನಿಗೆ ಓಡುತ್ತವೆ.

ಬಜಾರಿನಲ್ಲಿ ಅತ್ತರು ಮಾರುವ ಸಾಬರನ್ನು ಕೇಳಿದೆ. ವಾಸನೆಯ ವಿಷಯ ವಾಸನೆಯವರನ್ನೇ ಕೇಳಬೇಕು.

"ಹಳೇ ಅರಬ್ಬಿ ಮಾತಮ್ಮ. ವಾಸನೆ ಸೊಪ್ಪಿಗೆಲ್ಲ ಅಂತಾರೆ, ಜಾಸ್ತಿ ಅನ್ನೋದು ಸಬ್ಜಾಗೆ. ರಂಜಾನಲ್ಲಿ ಶರಬತ್ತಿಗೆ ಕರೀ ಬೀಜ ನೆನಸಿ ಹಾಕಲ್ವಾ, ಅದರ ಗಿಡ. ನಿಮ್ಮ ಕಾಮಕಸ್ತೂರಿ."

"ಹಳೇ ಮಾತಾದ್ರೆ ಮೊದ್ಲು ಒಬ್ಬ ರೇಹಾನೂ ಯಾಕಿರ್ಲಿಲ್ಲ ಈ ಊರಲ್ಲಿ?"

"ಮಾತು ಹಳೇದು, ಫ್ಯಾಷನ್ ಹೊಸದು. ನನ್ನ ಮೊಮ್ಮಕ್ಳಲ್ಲೇ ಇಬ್ರವ್ರೆ, ಕರೆದ್ರೆ ಇಬ್ರೂ ಬರಲ್ಲ."

ನನಗೆ ನಗು ಬಂತು. ಅರಬ್ ದೇಶದ ಹೆಸರು ನನ್ನ ಹೊಲದ ಬದುವಿನ ಮೇಲೆ ಪುಕ್ಕಟೆ ಬೆಳೆದು ನಿಂತಿದೆ! ಕನಕಾಂಬರದ ನಡುವೆ ಒಂದೊಂದು ಎಳೆ ಇಟ್ಟು ಕಟ್ಟುವ ಸೊಪ್ಪು ಅದು. ಮಸೀದಿ ಬೀದಿಯ ಗಂಡಸರು ಆಗೊಮ್ಮೆ ಈಗೊಮ್ಮೆ ಬಂದು ಒಂದು ಸಸಿಯನ್ನು ಮಣ್ಣಿನ ಸಮೇತ ಕಿತ್ತುಕೊಂಡು ಹೋಗುವುದಿತ್ತು. ಜೈನಾಬಿಯ ಮಗನೂ ಒಂದು ಸಲ ಒಯ್ದಿದ್ದ. ಶರಬತ್ತಿನ ಬೀಜಕ್ಕೆಂದು ತಿಳಿದಿದ್ದೆ, ಯಾಕೆಂದು ಕೇಳಿರಲಿಲ್ಲ.

ಚಿಲ್ಲಾದ ದಿನ ಬೆಳಿಗ್ಗೆ ಕಾಮಕಸ್ತೂರಿ ಕೊಯ್ದು, ಮಲ್ಲಿಗೆಯ ಜೊತೆ ಒತ್ತೊತ್ತಾಗಿ ಕಟ್ಟಿ, ತೊಟ್ಟಿಲಿಗೆ ದಪ್ಪನೆಯ ಹಾರ ಮಾಡಿದೆ. ಹೆಸರಿನ ಗಿಡವೇ ತೊಟ್ಟಿಲಲ್ಲಿರಲಿ ಎಂದು. ನೆಂಟರೆಲ್ಲ ಕೂತಿದ್ದರು. ನಾನು ಹಾರವನ್ನು ತೊಟ್ಟಿಲ ಸರಪಳಿಗೆ ಸುತ್ತಿದೆ. ವಾಸನೆ ಕೋಣೆಗೆಲ್ಲ ಹಬ್ಬಿತು. ಜೈನಾಬಿ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ತೆಗಿ! ತೆಗಿ ಅಕ್ಕ ಅದನ್ನ!"

"ಏನಾಯ್ತೇ?"

"ಅದು ಗೋರಿ ಮೇಲೆ ನೆಡೋದು ಕಣಕ್ಕ! ಆ ಮೊದ್ಲ ಕೂಸಿನ ಗೋರಿ ಮೇಲೆ ನಾನೇ ಹೇಳಿ ನೆಡಿಸಿವ್ನಿ. ನಿನ್ನ ಹೊಲದ್ದೇ!"

ಶಬಾನಾಗೆ ಅದು ಗೊತ್ತಿರಲಿಲ್ಲ. ಅವರಲ್ಲಿ ಹೆಂಗಸರು ಗೋರಿಗಳ ಕಡೆ ಹೋಗುವುದಿಲ್ಲ. ನನಗಂತೂ ಸುತರಾಂ ಗೊತ್ತಿರಲಿಲ್ಲ. ಆದರೂ ಬಾಯಿ ಬಿಟ್ಟೆ: "ರೇಹಾನ್ ಅಂದ್ರೆ ಇದೇ ಗಿಡ ಅಂತಲ್ಲೇ."

ಜೈನಾಬಿ ತಾನೇ ಹಾರವನ್ನು ಸರಪಳಿಯಿಂದ ಎಳೆದು ತೆಗೆದಳು. "ಹಂಗಾದ್ರೆ ಆ ಹೆಸರು ಬ್ಯಾಡ. ನಮ್ಮನೇಲಿ ಬ್ಯಾಡ" ಎಂದಳು. ಶಬಾನಾ ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ನೆಂಟರು ಬಿರಿಯಾನಿ ತಿಂದರು, ಚೆನ್ನಾಗಿತ್ತು, ಆದರೆ ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಕೂಸು ಹೆಸರಿಲ್ಲದೆಯೇ ತೊಟ್ಟಿಲಿಗೆ ಬಿತ್ತು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತು ಏಳಲಿಲ್ಲ. ಗೋರಿಯ ಗಿಡವಾದರೆ ಅದರ ಹೆಸರನ್ನು ಮಗನಿಗೆ ಯಾಕಿಟ್ಟರು ಅರಬ್ಬರು? ನನ್ನನ್ನು ತಿಪ್ಪೆಗೆ ಹಾಕಿದ ಹಾಗೆ, ಇದೂ ಸಾವಿನ ಕಣ್ಣಿಗೆ ಮಣ್ಣೆರಚುವ ಉಪಾಯವೇ?

ನಮ್ಮೂರ ಮಸೀದಿಯ ಗೇಟಿನಲ್ಲಿ ಸಂಜೆ ನಮಾಜಿನ ಹೊತ್ತಿಗೆ ಹೆಂಗಸರು ಅಳುವ ಮಕ್ಕಳನ್ನು ಎತ್ತಿಕೊಂಡು ನಿಲ್ಲುತ್ತಾರೆ. ಬುರ್ಖಾದವರೂ ಇರುತ್ತಾರೆ, ಕುಂಕುಮದವರೂ ಇರುತ್ತಾರೆ. ಹೊರಗೆ ಬಂದವರು ಏನೋ ಓದಿ ಮಗುವಿನ ಮೇಲೆ ಉಫ್ ಎಂದು ಊದುತ್ತಾರೆ. ನನ್ನ ಮೊಮ್ಮಕ್ಕಳೆಲ್ಲ ಆ ಗಾಳಿ ಕುಡಿದವರೇ. ಕೆಲವು ದಿನ ಬಿಟ್ಟು ಕೂಸು ರಾಗ ಹಿಡಿಯಿತು. ಊದಿಸುವ ನೆಪ ಹೇಳಿ ಜೈನಾಬಿಯನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ನಮಾಜು ಮಾಡಿಸುವ ಹಜರತ್ತು ಬಂದು ಊದಿದರು.

"ಹೆಸರೇನು?"

"ಅದಕ್ಕೇ ಬಂದಿರೋದು ಸಾಮಿ" ಎಂದು ನಾನು ಎಲ್ಲವನ್ನೂ ಒದರಿದೆ, ಹಾರ ಕಟ್ಟಿದ್ದನ್ನೂ ಬಿಡದೆ. ಜೈನಾಬಿ ನನ್ನ ಸೆರಗು ಜಗ್ಗುತ್ತಲೇ ಇದ್ದಳು.

ಹಜರತ್ತು ಗಡ್ಡ ನೀವಿಕೊಂಡರು. "ಆ ಮಾತು ನಮ್ಮ ಕಿತಾಬಿನಲ್ಲೇ ಐತೆ ತಾಯಿ, ಸ್ವರ್ಗದ ಸುಖ ಹೇಳೋ ಕಡೆ. ಹೋದವರಿಗೆ ಅದು ಸಿಗ್ಲಿ ಅಂತ ನಾವು ತಗೊಂಡೋಗಿ ಗೋರಿ ಮೇಲೆ ನೆಡ್ತೀವಿ. ಅಷ್ಟಕ್ಕೇ ಗಿಡ ಗೋರೀದಾಗೋಯ್ತಾ?" ಆಮೇಲೆ ಇನ್ನೊಂದು ಹೇಳಿದರು. ಪೈಗಂಬರರು ತಮ್ಮ ಮಗಳ ಇಬ್ಬರು ಗಂಡುಮಕ್ಕಳನ್ನು, ಈ ಲೋಕದಲ್ಲಿ ಇವರೇ ನನ್ನ ರೇಹಾನು ಎನ್ನುತ್ತಿದ್ದರಂತೆ.

"ಮಕ್ಳಿಗೆ ಸೊಪ್ಪಿನ ಹೆಸರು ಯಾಕೆ ಸಾಮಿ?" ಎಂದೆ.

"ಎತ್ಕೊಂಡು ಮೂಸೋರಂತೆ ತಾಯಿ. ಸೊಪ್ಪು ಕೈಗೆ ಸಿಕ್ರೆ ಮೂಸಲ್ವಾ, ಹಂಗೆ."

ನನ್ನ ಊಹೆ ಅಲ್ಲೇ ಬಿದ್ದುಹೋಯಿತು. ಸಾವಿಗೆ ಮೋಸ ಮಾಡುವ ಮಾತೇ ಅಲ್ಲಿರಲಿಲ್ಲ. ಒಬ್ಬ ತಾತ ಮೊಮ್ಮಕ್ಕಳನ್ನು ಎತ್ತಿಕೊಂಡು ಮೂಸಿದ್ದು, ಅಷ್ಟೇ. ಅದನ್ನು ಇಷ್ಟು ಕಾಲ, ಇಷ್ಟು ದೂರ, ಜನ ಮಕ್ಕಳ ಹೆಸರಿನಲ್ಲಿ ಹೊತ್ತು ತಂದಿದ್ದಾರೆ. ಹೊತ್ತಿರುವುದು ಗೊತ್ತಿಲ್ಲದೆಯೂ ತಂದಿದ್ದಾರೆ.

ದಾರಿಯುದ್ದಕ್ಕೂ ಜೈನಾಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದಳು. ನಾನು ಎರಡು ಸಲ ಕೆದಕಿದೆ. "ಬಾಯಿ ಮುಚ್ಕೊಂಡು ನಡಿಯಕ್ಕ, ಕೂಸು ಮಲಗೈತೆ" ಎಂದಳು. ಮನೆ ಸೇರಿದಾಗ ಶಬಾನಾ ಬಾಗಿಲಲ್ಲೇ ನಿಂತಿದ್ದಳು. ಜೈನಾಬಿ ಚಪ್ಪಲಿ ಬಿಟ್ಟು, ಒಳಗೆ ಹೋಗುತ್ತಾ, ತಿರುಗಿ ನೋಡದೆ ಅಂದಳು:

"ರೇಹಾನನ ಬಟ್ಟೆ ಒಣಗಿದ್ರೆ ತತ್ತಾ, ಒದ್ದೆ ಮಾಡ್ಕೊಂಡವ್ನೆ."

ಶಬಾನಾ ಓಡಿದಳು. ಬಟ್ಟೆಯ ಹಗ್ಗದ ಹತ್ತಿರ ಹೋಗಿ ಯಾವ ಬಟ್ಟೆ ತರಬೇಕೆಂದು ಮರೆತು ಅಲ್ಲೇ ನಿಂತಳು. ಒಳಗಿನಿಂದ ಇನ್ನೊಂದು ಕೂಗು ಬಂತು: "ಹೆಸರು ಬರೆಸೋವಾಗ ಹಿಂದೆ ಗಫೂರ್ ಸೇರಿಸ್ಬೇಕು, ಈಗ್ಲೇ ಹೇಳಿವ್ನಿ!"

ಮಾರನೆಯ ಬೆಳಿಗ್ಗೆ ಹೂ ಕೀಳಲು ಹೊಲಕ್ಕೆ ಹೋಗುವ ಮುಂಚೆ ಅವರ ಮನೆಗೆ ಹೊಕ್ಕು, ತೊಟ್ಟಿಲಿಗೆ ಬಗ್ಗಿ, ಅವನ ನೆತ್ತಿಗೆ ಮೂಗಿಟ್ಟು ಮೂಸಿದೆ. ಕೊಬ್ಬರಿ ಎಣ್ಣೆ, ಲೋಬಾನದ ಹೊಗೆ, ಕಕ್ಕಿದ ಹಾಲು, ಉಚ್ಚೆ. ಕಾಮಕಸ್ತೂರಿಯ ಸುಳಿವೇ ಇರಲಿಲ್ಲ. ಖಾತ್ರಿ ಮಾಡಿಕೊಳ್ಳೋಣವೆಂದು ಇನ್ನೊಮ್ಮೆ ಮೂಸಿದೆ.