ಆಳದ ಬಟ್ಟಲಿಗೆ ಹಾಕಿದ ಬೆಸುಗೆ

ನಿನ್ನೆ ಶ್ರೀರಂಗಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಓಣಿಯಿಂದ, ಬಿಳಿಗಾರ ಹಾಕಿ ಕಾಯಿಸಿದ ತಾಮ್ರದ ವಾಸನೆ ಬಂತು. ಯಾರೋ ಹಂಡೆಗೆ ಬೆಸುಗೆ ಹಾಕುತ್ತಿದ್ದರು. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ...

ನನಗೆ ಬೆಸುಗೆ ಕಲಿಸಿದವರು ನಾಗಮಂಗಲದಲ್ಲಿ ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ಮೇಸ್ತ್ರಿ. ತಾಮ್ರದ ತಗಡು ಬಡಿದು ಪಾತ್ರೆ ಮಾಡುವುದು ಅವರ ಮನೆತನದ ಕಸುಬು. ನನ್ನ ಗಂಡ ತೀರಿಕೊಂಡ ವರ್ಷ, ಮೂಲೆ ಹಿಡಿದಿದ್ದ ನನ್ನನ್ನು ಅವರೇ ಬಂದು ಕರೆದರು.

"ಕೂತ್ಕಂಡ್ ಅತ್ರೆ ಏನ್ ಬತ್ತದವ್ವ? ಬಾ, ಬೆಸ್ಗೆ ಕಲ್ತ್ಕೊ."

ಆರೇಳು ವರ್ಷ ಅವರ ಜೊತೆ ಕೆಲಸ ಮಾಡಿದೆ.

ಆಲೆಮನೆಗಳಲ್ಲಿ ಬೆಲ್ಲದ ಪಾಕ ಮೊಗೆಯಲು ಉದ್ದ ಹಿಡಿಯ ಆಳದ ಬಟ್ಟಲು ಬೇಕು. ಒಂದೇ ತಗಡನ್ನು ಅಷ್ಟು ಆಳಕ್ಕೆ ಬಡಿದರೆ ತೆಳುವಾಗಿ ಹರಿದುಹೋಗುತ್ತದೆ. ಅದಕ್ಕೆ ಮೇಸ್ತ್ರಿ ತಳವನ್ನಷ್ಟೇ ಬೋಗುಣಿಯಂತೆ ಬಡಿದು, ಅದರ ಮೇಲೆ ಬಳೆಯಂತೆ ಸುತ್ತಿದ ತಗಡು ಕೂರಿಸುತ್ತಿದ್ದರು. ನಾನು ಎರಡನ್ನೂ ಬೆಸೆಯುತ್ತಿದ್ದೆ. ಆಮೇಲೆ ಅವರು ಮತ್ತೆ ಕಾಯಿಸಿ, ಬಡಿದು, ಒಂದೇ ಮೈ ಮಾಡುತ್ತಿದ್ದರು. ಕೊನೆಗೆ ನೀರು ತುಂಬಿಸಿಟ್ಟು ಸೋರುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

ಪಾಂಡವಪುರದ ಕಡೆಯ ಆಲೆಮನೆಯವನೊಬ್ಬ ಬಟ್ಟಲು ಒಯ್ಯಲು ಬಂದಿದ್ದ. ಅದೇ ಹೊತ್ತಿಗೆ ನನಗೆ, ನೀರು ತುಂಬಿಸಿಟ್ಟಿದ್ದ ಆ ಬಟ್ಟಲಿನ ಬೆಸುಗೆಯ ಸಾಲಿನಲ್ಲಿ ಒಂದು ಹನಿ ಕಂಡಿತು. ಹೊರಗೆ ಮೇಸ್ತ್ರಿ ಹೇಳುತ್ತಿದ್ದರು:

"ಈಯಮ್ಮ ಬೆಸ್ಗೆ ಆಕುದ್ರೆ ಒಂದ್ ತೊಟ್ಟೂ ಸೋರಕಿಲ್ಲ, ತಗಂಡೋಗು."

ಆ ಮಾತು ಸುಳ್ಳಾಗುವುದು ನನಗೆ ಬೇಡವಾಗಿತ್ತು. ಮತ್ತೆ ಕಾಯಿಸಿ ಬೆಸೆಯುವ ಬದಲು ಸಣ್ಣ ಸುತ್ತಿಗೆಯಿಂದ ಅಲ್ಲಿ ನಾಲ್ಕು ಏಟು ಹಾಕಿದೆ. ಹನಿ ನಿಂತಿತು. ಒರೆಸಿ ಕೊಟ್ಟುಬಿಟ್ಟೆ.

ತಿಂಗಳೊಳಗೆ ಸುದ್ದಿ ಬಂತು. ಕುದಿಯುವ ಪಾಕ ಮೊಗೆದು ಎತ್ತುವಾಗ ಬಟ್ಟಲಿನ ತಳ ಕಳಚಿ, ಅಷ್ಟೂ ಆತನ ಕಾಲುಗಳ ಮೇಲೆ ಸುರಿದಿತ್ತು.

ಆತನ ಅಣ್ಣ ತಳ ಕಳಚಿದ ಬಟ್ಟಲನ್ನು ತಂದು ನಮ್ಮ ಮುಂದೆ ಎಸೆದ. ಮೇಸ್ತ್ರಿ ಎತ್ತಿ ಬೆಳಕಿಗೆ ಹಿಡಿದರು. ಸುತ್ತಿಗೆಯ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಅದು ತಮ್ಮ ಏಟಲ್ಲ ಎಂದು ಅವರಿಗೆ ತಿಳಿಯದೇ ಇರಲು ಸಾಧ್ಯವಿರಲಿಲ್ಲ. ನನ್ನ ಕಡೆ ತಿರುಗಿ ನೋಡಲಿಲ್ಲ.

"ನನ್ ಕೈನ ತಪ್ಪು ಕಣಪ್ಪ. ನೀರಾಕಿ ನೋಡ್ದೆ ಕಳಿಸ್ಬುಟ್ಟೆ" ಅಂದರು.

ನಾನು ಬಾಯಿ ಬಿಡಲಿಲ್ಲ.

ಅಲ್ಲಿಂದಾಚೆ ಮೇಸ್ತ್ರಿ ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಅಲ್ಲಿ ಏನಾಯಿತೆಂದು ಹೇಳುತ್ತಿರಲಿಲ್ಲ. ಬಂದವರೇ ತಗಡಿನ ಮುಂದೆ ಕೂರುವರು. ಬೆಸುಗೆಯ ಸಹವಾಸವೇ ಬೇಡವೆಂದು, ಒಂದೇ ತಗಡಿನಲ್ಲಿ ಆ ಆಳದ ಬಟ್ಟಲು ಬಡಿದು ಮಾಡಲು ಹಟ ಹಿಡಿದಿದ್ದರು. ಕಾಯಿಸುವರು, ಬಡಿಯುವರು. ಇನ್ನೇನು ಬಂತು ಅನ್ನುವಾಗ ತಗಡು ಹರಿಯುವುದು. ಮತ್ತೊಂದು ತಗಡು. ಕೆ.ಆರ್. ಪೇಟೆಯಿಂದ ಬರುತ್ತಿದ್ದ ಗಿರಾಕಿಗಳೂ ಬರುವುದು ಬಿಟ್ಟರು. ಹರಿದ ಬಟ್ಟಲುಗಳು ಗೋಡೆಯುದ್ದಕ್ಕೂ ಗುಡ್ಡೆಯಾದವು...

ಒಂದು ಮಧ್ಯಾಹ್ನ ತಡೆಯಲಾಗದೆ, "ಮೇಸ್ತ್ರಿ, ಆವತ್ತು ಆ ಬೆಸ್ಗೆ ನಾನು..." ಅಂದೆ.

"ಸುಮ್ಕಿರವ್ವ" ಅಂದರು. "ನೀನ್ ಬದುಕ್ಬೇಕಾದೋಳು. ಒಂದೇ ತಗಡ್ನಲ್ಲಿ ಬತ್ತದೆ, ನೋಡ್ತಿರು."

ಬರಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಅವರ ಎದೆಬಡಿತ ನಿಂತಿತು. ಅಂಗಳದಲ್ಲಿ ಮಲಗಿಸಿದ್ದಾಗ ಅವರ ಕೈಗಳನ್ನು ನೋಡುತ್ತಾ ನಿಂತಿದ್ದೆ. ಆಗಲೂ ಯಾರಿಗೂ ಹೇಳಲಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಹೋದ ತಿಂಗಳು ಧೈರ್ಯ ಮಾಡಿ ಆ ಆಲೆಮನೆಯವನ ಊರಿಗೆ ಹೋದೆ. ಕೋಲು ಊರಿಕೊಂಡು ಜಗುಲಿಗೆ ಬಂದ. ಎಲ್ಲವನ್ನೂ ಹೇಳಿದೆ. ಬೈದರೂ ಬೈಯಲಿ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

"ಈಗ್ ಬಂದ್ ಯೋಳ್ತಿದ್ದೀಯಲ್ಲವ್ವ" ಅಂದ. "ಆಸ್ಪತ್ರೆಗ್ ಬಂದಾಗ್ಲೆಲ್ಲ ಆ ಮನ್ಸ ನನ್ ಕಾಲ್ ತಾವ ನಿಂತಿರೋರು. ನಾನ್ ಗ್ವಾಡೆ ಕಡೀಕ್ ತಿರಿಕ್ಕಂಡ್ ಮನಿಕ್ಕತಿದ್ದೆ. ಒಂದ್ ದಿನಾನೂ ಅವ್ರ್ ಮಕ ನೋಡ್ನಿಲ್ಲ."