ಮುಕ್ಕಣ್ಣ ಕಾರಿನ ಮೂರನೇ ದೀಪ

ಭದ್ರಾ ಚಾನಲ್ಲಿನ ನೀರು ನಮ್ಮ ಕಡೆಗೆ ಹರಿಯುವುದಕ್ಕೆ ಹಿಂದಿನ ವರ್ಷ, ದೀಪಾವಳಿ ಅಮಾವಾಸ್ಯೆಯ ಮಾರನೆಯ ದಿನ, ಸಂಜೆ ಕತ್ತಲಾದ ಸ್ವಲ್ಪ ಹೊತ್ತಿಗೆ, ನಾನು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಹೊರಗೆ ನಿಂತಿದ್ದೆ. ಚಾನಲ್ ತೆಗೆಯುವುದಕ್ಕೆಂದು ಊರಿನ ರಸ್ತೆಯನ್ನು ಅಡ್ಡಲಾಗಿ ಕಡಿದಿದ್ದರು. ಆ ಗುಂಡಿಯ ಊರ ಕಡೆಯ ಅಂಚಿನಲ್ಲಿ, ತೋಡಿ ಹಾಕಿದ ಮಣ್ಣಿನ ಗುಡ್ಡೆಯ ಬಲಕ್ಕೆ, ರಸ್ತೆಗೆ ಎದುರಾಗಿ ನಾನಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿಯ ತಂದೆ ಇದ್ದರು.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಓದಿದವರು, ನೀನು ನಿಂತ ಜಾಗದಿಂದ ಅದು ಹೇಗೆ ಕಂಡೀತು ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ನಾನು ದಾವಣಗೆರೆಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದವನು. ಕಂಡದ್ದು ಬೇರೆ, ಕಂಡೆನೆಂದು ಆಮೇಲೆ ನಂಬಿಕೊಂಡದ್ದು ಬೇರೆ ಎಂಬುದನ್ನು ಕೋರ್ಟಿನ ಬೆಂಚಿನ ಮೇಲೆ ಕೂತು ಕಲಿತಿದ್ದೆ. ದೆವ್ವ ಬಿಡಿಸುವ ಕ್ಷೇತ್ರವಾದ ಉಕ್ಕಡಗಾತ್ರಿಗೆ ಹೋಗಿಬಂದವರು ಅಲ್ಲಿ ಮೈಮೇಲೆ ಬಂದದ್ದು, ಬಿಟ್ಟುಹೋದದ್ದು ಎಲ್ಲವನ್ನೂ ಹೇಳುವಾಗ ಮರ್ಯಾದೆಗೆ ತಲೆಯಾಡಿಸಿ, ಮನಸ್ಸಿನಲ್ಲೇ ನಕ್ಕು ಎದ್ದುಹೋಗುತ್ತಿದ್ದೆ. ನಂಬುತ್ತಿರಲಿಲ್ಲ. ಈಗಲೂ ಎಲ್ಲವನ್ನೂ ನಂಬುತ್ತೇನೆಂದಲ್ಲ.

ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಡಾಕ್ಟರ್ ಸುಮಿತ್ರಮ್ಮನವರ ದವಾಖಾನೆ ಇತ್ತು. ಮಧ್ಯವಯಸ್ಸಿನ, ದಪ್ಪ ಕನ್ನಡಕದ, ಎತ್ತರದ ಹೆಂಗಸು. ಸ್ವಂತ ಕಾರನ್ನು ತಾವೇ ಓಡಿಸುತ್ತಿದ್ದರು. ಆಗಿನ ದಾವಣಗೆರೆಯಲ್ಲಿ ಅದೊಂದು ನೋಡುವ ಸಂಗತಿಯೇ. ಕರೆ ಬಂದರೆ ಹಳ್ಳಿಗಳಿಗೂ ಹೋಗುವರು. ಹಳೆಯ ಕಾರಿನ ಎರಡು ದೀಪಗಳು ಮಂಕಾಗಿ, ಗಾಡಿ ಜಾಡಿನ ರಸ್ತೆಯಲ್ಲಿ ಹಳ್ಳ ಯಾವುದು, ನೆರಳು ಯಾವುದು ತಿಳಿಯದೆ ಒದ್ದಾಡಿ, ಕೊನೆಗೆ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಬಂದಿದ್ದ ಒಂದು ದೊಡ್ಡ ಸರ್ಚ್‌ಲೈಟನ್ನು ಕೊಂಡು, ಗ್ಯಾರೇಜಿನಲ್ಲಿ ಕಾರಿನ ತಲೆಯ ಮೇಲೆ ಕೂರಿಸಿದರು. ಅದನ್ನು ಹತ್ತಿಸಿದರೆ ಬೀದಿಯ ತುದಿಯ ಮನೆಯ ಬಾಗಿಲ ಚಿಲಕ ಕಾಣುತ್ತಿತ್ತು. ಬಡಾವಣೆಯ ಹುಡುಗರು ಆ ಕಾರಿಗೆ ಮುಕ್ಕಣ್ಣ ಎಂದು ಹೆಸರಿಟ್ಟರು. "ಮುಕ್ಕಣ್ಣ ಬಂತು, ಕಣ್ಣು ಮುಚ್ಚಿಕೊಳ್ರೋ" ಎಂದು ಕೂಗುತ್ತಾ ಓಡುವರು. ಡಾಕ್ಟರಮ್ಮ ನಗುವರು.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಹರಿಹರದ ರಸ್ತೆಯಲ್ಲಿ ಆ ಬೆಳಕಿಗೆ ಎದುರಾದ ಒಂದು ಜೋಡಿ ಎತ್ತು ಬೆದರಿ, ಗಾಡಿ ಚರಂಡಿಗೆ ಇಳಿಯಿತು. ಗಾಡಿ ಹೊಡೆಯುತ್ತಿದ್ದವನ ಕಾಲು ಮುರಿಯಿತು. ಅವನನ್ನು ತಮ್ಮದೇ ಕಾರಿನಲ್ಲಿ ತಂದು ಪಟ್ಟಿ ಕಟ್ಟಿದವರೂ ಡಾಕ್ಟರಮ್ಮನೇ. ಅವನು ನೋವಿನಲ್ಲೂ, "ನಿಮ್ಮ ಕಾರಿಗೆ ಮೂರು ಕಣ್ಣು ತಾಯಿ, ನನ್ನ ಎತ್ತಿಗೆ ಎರಡೆರಡೇ. ಹೆಂಗೆ ತಾಳ್ತಾವೆ?" ಎಂದನಂತೆ. ಆಮೇಲೆ ಪೊಲೀಸ್ ಇನ್ಸ್‌ಪೆಕ್ಟರು ಬಂದು, ಹೀಗೆ ಬೇಕೆಂದವರು ಬೇಕಾದ ದೀಪ ಕೂರಿಸಿಕೊಳ್ಳುವ ಹಾಗಿಲ್ಲ, ಮೂರನೆಯದಕ್ಕೆ ಅಪ್ಪಣೆ ಬೇಕು, ಅದೂ ಬೆಳಕು ನೆಲಕ್ಕೆ ಬಾಗಿರಬೇಕೇ ಹೊರತು ಎದುರು ಬರುವವರ ಕಣ್ಣಿಗೆ ರಾಚಬಾರದು ಎಂದು ಮರ್ಯಾದೆಯಿಂದಲೇ ಹೇಳಿಹೋದರು.

ಅಪ್ಪಣೆಯ ಅರ್ಜಿ ಬರೆಯುವುದಕ್ಕೆ ಡಾಕ್ಟರಮ್ಮ ನನ್ನನ್ನು ಕರೆದರು. ಬರೆದುಕೊಟ್ಟೆ. ನಾನು ಕಾನೂನಿನ ಮನೆಯ ಅನ್ನ ತಿನ್ನುವವನಾದರೂ, "ಅಪ್ಪಣೆ ಬರೋತನಕ ದೀಪ ಅಲ್ಲೇ ಇರ್ಲಿ ಬಿಡ್ರಿ. ರೋಗಿ ನೋಡಾಕೆ ಹೋಗೋ ಗಾಡೀನ ಯಾರು ತಡೀತಾರೆ?" ಎಂದೆ.

"ಯಾರೂ ತಡಿಯಲ್ಲ, ಅದಕ್ಕೇ ನಾನೇ ತಡೀಬೇಕು" ಎಂದರು ಅವರು. "ನನಗೆ ದಾರಿ ಕಾಣ್ಲಿ ಅಂತ ಇನ್ನೊಬ್ಬನ ದಾರಿ ಮರೆ ಮಾಡಿದ್ರೆ, ಅವನ ಕಾಲಿಗೂ ನಾನೇ ಪಟ್ಟಿ ಕಟ್ಟಬೇಕಲ್ರೀ. ನನಗೆ ಕೈ ಎರಡೇ ಇರೋದು."

ಅಂದೇ ದೀಪ ಬಿಚ್ಚಿಸಿದರು. ಮನೆಯಲ್ಲಿದ್ದರೆ ಯಾವುದಾದರೂ ಅವಸರದ ಕರೆಗೆ ಮನಸ್ಸು ಜಾರೀತು ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ದಾರದಿಂದ ಬಿಗಿದು, ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ದೀಪಾವಳಿಗೆಂದು ಹೆಂಡತಿ ಮಗಳೊಡನೆ ಕಡರನಾಯಕನಹಳ್ಳಿಗೆ, ಮಾವನ ಮನೆಗೆ ಹೋದಾಗಲೂ ಅಲ್ಲೇ ಇತ್ತು.

ಮಗಳು ಗೌರಿಗೆ ಆಗ ನಾಲ್ಕು ವರ್ಷ. ಹಬ್ಬದ ದಿನ ಜ್ವರ ಬಂತು. ಮಾರನೆಯ ಬೆಳಿಗ್ಗೆ ನೀರು ನುಂಗಲಾರದೆ, ಉಸಿರಾಡಿದರೆ ಗೊರಗೊರ ಸದ್ದು ಬರತೊಡಗಿತು. ಬಾಯಿ ತೆಗೆಸಿ ನೋಡಿದೆವು. ಗಂಟಲಲ್ಲಿ ಬೂದು ಬಣ್ಣದ ಪೊರೆ. ಗಂಟಲಮಾರಿ ಎಂದು ನನ್ನ ಅತ್ತೆ ಅಂದರು, ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಬೇನೆಯಲ್ಲಿ ಎಷ್ಟು ಮಕ್ಕಳು ಉಳಿಯುತ್ತಿದ್ದವು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಹೆಂಡತಿಯ ತಮ್ಮ ಚನ್ನಬಸಪ್ಪ ಸೈಕಲ್ ಹತ್ತಿ ಹರಿಹರಕ್ಕೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿಸಿದ. ಅದಕ್ಕೆ ಬೇಕಾದ ಚುಚ್ಚುಮದ್ದು ಅವರ ಹತ್ತಿರ ಇರಲಿಲ್ಲ. ಅವರು ದಾವಣಗೆರೆಯಲ್ಲೆಲ್ಲಾ ವಿಚಾರಿಸಿ ಒಂದು ಸೀಸೆ ಸಿಗುವ ಹೊತ್ತಿಗೆ ಸಂಜೆಯಾಯಿತು. ಚನ್ನಬಸಪ್ಪ ಹರಿಹರದಲ್ಲೇ ಕಾದಿದ್ದು, ಅವರ ಕಾರಿನಲ್ಲಿ ಕೂತು ದಾರಿ ತೋರಿಸುತ್ತಾ ಬರುವುದೆಂದು ಮಾತಾಗಿತ್ತು.

ಬೆಳಿಗ್ಗೆ ಅವನು ಹೋಗುವಾಗ ರಸ್ತೆ ಸರಿಯಾಗಿತ್ತು. ಮಧ್ಯಾಹ್ನದ ಮೇಲೆ ಕೂಲಿಯವರು ಬಂದು ಕಡಿದಿದ್ದಾರೆ. ಮಗುವಿನ ಪಕ್ಕ ಕೂತ ನಮಗೆ ಅದು ತಿಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗುವನ್ನು ನೋಡಲು ಬಂದ ಪಕ್ಕದ ಮನೆಯ ಹೆಂಗಸು, "ರಸ್ತೆ ಕಡಿದು ಹಾಕ್ಯಾರಲ್ಲ, ಕಾರು ಹೆಂಗೆ ಬರ್ತೈತೆ?" ಎಂದಳು. ನಾನೂ ಮಾವನೂ ಲಾಟೀನು ಹಿಡಿದು ಓಡಿದೆವು.

ಗುಂಡಿಗೆ ಅಡ್ಡಲಾಗಿ ಮುಳ್ಳಿನ ಕಂಟಿ ಎಳೆದು ಹೋಗಿದ್ದೆವೆಂದು ಕೂಲಿಯವರು ಆಮೇಲೆ ಹೇಳಿದರು. ನಾವು ಹೋದಾಗ ಅದು ಇರಲಿಲ್ಲ. ಮಣ್ಣಿನ ಗುಡ್ಡೆ ಹತ್ತುವಾಗ ಮಾವನ ಕಾಲು ಜಾರಿ ಲಾಟೀನು ಕೆಳಗೆ ಬಿತ್ತು. ಗಾಜು ಒಡೆದು, ಎಣ್ಣೆ ಮಣ್ಣಿಗೆ ಚೆಲ್ಲಿ ಆರಿತು. ಬೆಂಕಿಪೊಟ್ಟಣ ನಾವಿಬ್ಬರೂ ತಂದಿರಲಿಲ್ಲ. ಗುಂಡಿಯ ಆಚೆ ದಂಡೆಗೆ ದಾಟಿ ಹೋಗೋಣವೆಂದು ಇಳಿಯಲು ಜಾಗ ತಡಕುತ್ತಿದ್ದೆವು. ಅಷ್ಟರಲ್ಲಿ ಹುಣಸೆಮರದ ತಿರುವಿನಲ್ಲಿ ಕಾರು ಕಾಣಿಸಿತು.

ಎರಡು ದೀಪ. ಇದನ್ನು ನಾನು ಸರಿಯಾಗಿ ನೋಡಿದ್ದೇನೆ, ಎರಡೇ. ತಿರುವಿನಿಂದ ಗುಂಡಿಯವರೆಗೆ ರಸ್ತೆ ನೆಟ್ಟಗೆ, ಸ್ವಲ್ಪ ಇಳಿಜಾರು. ಕಾರು ಜೋರಾಗಿಯೇ ಬರುತ್ತಿತ್ತು. ದೀಪಗಳು ನಮ್ಮ ಕಣ್ಣಿಗೆ ಹೊಡೆಯುತ್ತಿದ್ದವು, ಅವುಗಳ ಕೆಳಗೆ ಗುಂಡಿ ಕತ್ತಲಾಗಿಯೇ ಇತ್ತು. ಇಬ್ಬರೂ ಕೂಗಿದೆವು. ಇಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲವೆಂದು ಕೂಗುವಾಗಲೇ ಗೊತ್ತಿತ್ತು. ಕಾರಿನಲ್ಲಿದ್ದ ಇಬ್ಬರ ಜೀವ, ಆ ಒಂದು ಸೀಸೆ, ಮನೆಯಲ್ಲಿ ಮಲಗಿದ್ದ ಗೌರಿ, ಎಲ್ಲಾ ಆ ಇಳಿಜಾರಿನಲ್ಲಿ ಬರುತ್ತಿದ್ದವು.

ಆಗ ಆ ಎರಡು ದೀಪಗಳ ಮೇಲೆ, ಕಾರಿನ ತಲೆಯ ಎತ್ತರದಲ್ಲಿ, ಮೂರನೆಯದು ಹತ್ತಿತು.

ನಿಧಾನವಾಗಿ ಹೇಳುತ್ತೇನೆ. ಬೆಳಕು ಬಿಳಿಯದು. ಅದು ನಮ್ಮ ಕಡೆಗೆ ಬರಲಿಲ್ಲ, ಬಾಗಿ ಗುಂಡಿಯೊಳಗೆ ಬಿತ್ತು. ಗುಂಡಿಯ ಗೋಡೆಯಲ್ಲಿ ಗುದ್ದಲಿಯ ಏಟಿನ ಗೆರೆಗಳು ಕಂಡವು. ತಳದಲ್ಲಿ ಸ್ವಲ್ಪ ನೀರು, ಯಾರೋ ಬಿಟ್ಟುಹೋದ, ಮಣ್ಣು ಹೊರುವ ಹರಕು ಪುಟ್ಟಿ ಬೋರಲು ಬಿದ್ದದ್ದು ಕಂಡವು. ಅಷ್ಟು ಬೆಳಕಿಗೆ ನೇರ ಎದುರಿನಲ್ಲಿ ನಿಂತಿದ್ದರೂ ನನ್ನ ಕಣ್ಣು ಕೋರೈಸಲಿಲ್ಲ. ಮುಚ್ಚಿಕೊಳ್ಳಬೇಕೆನ್ನಿಸಲೂ ಇಲ್ಲ. ಕಾರು ಕಿರುಗುಟ್ಟಿ, ಅಂಚಿಗೆ ಒಂದು ಮಾರು ಉಳಿದಿರುವಂತೆ ನಿಂತಿತು. ಮೂರನೆಯ ಬೆಳಕು ಯಾವಾಗ ಆರಿತೋ ನಾನು ನೋಡಲಿಲ್ಲ. ಮತ್ತೆ ನೋಡುವಾಗ ಇರಲಿಲ್ಲ.

ಡಾಕ್ಟರಮ್ಮ ಇಳಿದರು. "ಯಾರ್ರೀ ಅಲ್ಲಿ?"

"ನಾನ್ರೀ, ಡಾಕ್ಟರಮ್ಮ" ಎಂದೆ.

"ನೀವು ದೀಪ ಬಿಡದಿದ್ರೆ ಇವತ್ತು ನನಗೇ ಡಾಕ್ಟರನ್ನ ಹುಡುಕಬೇಕಾಗ್ತಿತ್ತು. ಯಾಕ ಆರಿಸಿದ್ರಿ? ಹಂಗೇ ಹಿಡೀರಿ, ಇಳಿದು ಬರ್ತೀನಿ."

"ನಮ್ಮ ಲಾಟೀನು ಆಗಲೇ ಒಡೆದು ಹೋತ್ರಿ."

"ಲಾಟೀನಲ್ಲ ಭಾವ, ಆ ದೊಡ್ಡದು" ಎಂದ ಆಚೆಯಿಂದ ಚನ್ನಬಸಪ್ಪ. "ನೀವು ನಿಂತ ಕಡೆಯಿಂದ ಬಂತಲ್ಲ, ಗುಂಡಿಯೊಳಗೆ."

"ದೊಡ್ಡದು ನಿಮ್ಮ ಕಾರಿನ ಮ್ಯಾಲೆ ಐತಲ್ಲೋ ತಮ್ಮಾ" ಎಂದರು ಮಾವ. ಅವರಿಗೆ ಆ ಅರ್ಜಿಯ, ದೀಪ ಬಿಚ್ಚಿಸಿದ ವಿಷಯವೇನೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಹಿಂತಿರುಗಿ ತಮ್ಮ ಕಾರಿನ ತಲೆಯನ್ನು ಒಮ್ಮೆ ನೋಡಿದರು. ಅಲ್ಲಿ ದೀಪ ಬಿಚ್ಚಿದ ಮೇಲೆ ಉಳಿದ ಕಬ್ಬಿಣದ ಪಟ್ಟಿ ಮಾತ್ರ ಇತ್ತು. ಆಮೇಲೆ, "ಮಗೂದು ಉಸಿರು ಹೆಂಗೈತೆ?" ಎಂದು ಕೇಳಿ, ಸೀರೆ ಎತ್ತಿ ಕಟ್ಟಿ, ಚೀಲವನ್ನು ಎದೆಗೆ ಅವುಚಿಕೊಂಡು ಆ ಕತ್ತಲಲ್ಲೇ ಗುಂಡಿಗೆ ಇಳಿದರು. ನಾವು ಕೈ ಕೊಟ್ಟು ಮೇಲೆಳೆದುಕೊಂಡೆವು. ಅವರು ಓಡುತ್ತಲೇ ಊರಿಗೆ ಬಂದರು. ಸೂಜಿ ಚುಚ್ಚಿ, ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನವರೆಗೆ ಕೂತರು. ಬೆಳಗಾಗುವಾಗ ಆ ಗೊರಗೊರ ಸದ್ದು ಇಳಿದಿತ್ತು. ಗೌರಿ ನೀರು ಕೇಳಿದಳು. ಡಾಕ್ಟರಮ್ಮ ನನ್ನ ಅತ್ತೆಯ ಕಡೆಗೆ ತಿರುಗಿ, "ಈಗ ನನಗೊಂದು ಲೋಟ ಚಾ ಕೊಡ್ರಿ, ಬೆಲ್ಲ ಜಾಸ್ತಿ ಹಾಕ್ರಿ" ಎಂದರು. ನನ್ನ ಹೆಂಡತಿ ಅವರ ಕಾಲು ಮುಟ್ಟಲು ಹೋದಳು, ಬಿಡಲಿಲ್ಲ.

ಮಗುವನ್ನು ಮತ್ತೆ ನೋಡಲು ಎರಡು ದಿನ ಬಿಟ್ಟು ಬಂದರು. ಹೊರಡುವಾಗ ಕತ್ತಲಾಗಿತ್ತು. ಗುಂಡಿ ಇನ್ನೂ ಹಾಗೆಯೇ ಇತ್ತು. "ಬರ್ರಿ, ನೋಡೇಬಿಡೋಣ" ಎಂದು ಹೇಳಿ ಕಾರನ್ನು ಅದೇ ಅಂಚಿನಲ್ಲಿ ಅದೇ ರೀತಿ ನಿಲ್ಲಿಸಿ ಎರಡೂ ದೀಪ ಹಾಕಿದರು. ನಾನು ಮೊದಲು ನಿಂತಲ್ಲೇ ನಿಂತೆ. ಬೆಳಕು ಗುಂಡಿಯ ಮೇಲಿಂದ ಹಾದು ನನ್ನ ಮುಖಕ್ಕೆ ಬಿತ್ತು, ಗುಂಡಿಯಲ್ಲಿ ಏನೂ ಕಾಣಲಿಲ್ಲ. ಕಾರನ್ನು ಹಿಂದೆ ಮುಂದೆ ಮಾಡಿ ನೋಡಿದರು, ಆಗಲೂ ಇಲ್ಲ. ತಳದ ನೀರು ಹೊಳೆದಿರಬಹುದೇ ಎಂದು ನಾನು ಕೇಳಿದೆ. ಅದೂ ಹೊಳೆಯಲಿಲ್ಲ. ಹಾಗಾದರೆ ಸರ್ಚ್‌ಲೈಟನ್ನೇ ತಂದು ಒಮ್ಮೆ ಕೂರಿಸಿ ನೋಡೋಣವೇ ಎಂದೆ.

"ಅಪ್ಪಣೆ ಬಂದಿಲ್ಲಲ್ರೀ ಇನ್ನೂ" ಎಂದರು. ನಗಲಿಲ್ಲ.

ನಾನು ದಾವಣಗೆರೆಗೆ ಹಿಂತಿರುಗಿದ ಕೂಡಲೇ ಟ್ರಂಕಿನ ಬೀಗ ತೆಗೆದೆ. ಧೋತರ ಹಾಗೆಯೇ ಸುತ್ತಿತ್ತು. ದಾರದ ಗಂಟು ನಾನು ಹಾಕಿದ್ದೇ, ಬಿಚ್ಚುವುದಕ್ಕೆ ಹಲ್ಲು ಬೇಕಾಯಿತು. ದೀಪದ ಗಾಜು ತಣ್ಣಗಿತ್ತು. ತಣ್ಣಗಿರದೆ ಇನ್ನೇನು ಎಂದು ನೀವು ಕೇಳಬಹುದು. ಆದರೂ ಮುಟ್ಟಿ ನೋಡಿದೆ.

ಅಪ್ಪಣೆ ಕೆಲವು ತಿಂಗಳ ಮೇಲೆ ಬಂತು, ಬೆಳಕು ನೆಲಕ್ಕೆ ಬಾಗಿರಬೇಕೆಂಬ ಷರತ್ತಿನೊಡನೆ. ಡಾಕ್ಟರಮ್ಮ ದೀಪವನ್ನು ಮತ್ತೆ ಕೂರಿಸಿದರು. ದೂರದಲ್ಲಿ ಎತ್ತಿನ ಗಾಡಿಯ ಲಾಟೀನು ಮಿಣುಕಿದರೂ ಸಾಕು, ಅದನ್ನು ಆರಿಸಿ ರಸ್ತೆಯ ಬದಿಗೆ ನಿಂತು ಗಾಡಿ ದಾಟುವವರೆಗೆ ಕಾಯುತ್ತಿದ್ದರು. ಅವರಂಥ ಮನುಷ್ಯರನ್ನು ನಾನು ಮತ್ತೆ ನೋಡಲಿಲ್ಲ. ಆ ಸಂಜೆಯ ಬಗ್ಗೆ ಏನು ಅನ್ನಿಸುತ್ತದೆಂದು ಒಮ್ಮೆ ಕೇಳಿದ್ದಕ್ಕೆ, "ಬೆಳಕು ನಿಮ್ಮ ಕಡೆಯಿಂದ ಬಂತು. ನನ್ನ ಕಣ್ಣಿಗೆ ಹೊಡೀಲಿಲ್ಲ. ಇಷ್ಟೇ ನನಗೆ ಗೊತ್ತಿರೋದು, ಇದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗ್ತೈತೆ" ಎಂದರು. ನನಗೆ ಗೊತ್ತಿರುವುದೂ ಅಷ್ಟೇ, ದಿಕ್ಕು ಮಾತ್ರ ಬೇರೆ. ಬೆಳಕು ಅವರ ಕಡೆಯಿಂದ ಬಂತು.

ಡಾಕ್ಟರಮ್ಮ ಈಗಿಲ್ಲ. ನನ್ನ ಮಾವನೂ ಇಲ್ಲ. ಆ ಹೊತ್ತು ಜ್ವರದಲ್ಲಿ ಮಲಗಿದ್ದ ಗೌರಿ ಏನನ್ನೂ ಕಂಡವಳಲ್ಲ, ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಕಂಡವರಲ್ಲಿ ನಾನು ಬಿಟ್ಟರೆ ಉಳಿದಿರುವವನು ಚನ್ನಬಸಪ್ಪ ಒಬ್ಬನೇ. ಕಡರನಾಯಕನಹಳ್ಳಿಯಲ್ಲೇ ಇದ್ದಾನೆ, ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಸಿಕ್ಕಾಗಲೆಲ್ಲ ನನ್ನನ್ನು ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳದ ಹಾಗೆ, "ಭಾವ, ಇನ್ನಾದ್ರೂ ಹೇಳ್ರಿ, ಅವತ್ತು ಆ ದೀಪ ಹಿಡಿದಿದ್ದು ಯಾರು?" ಎಂದು ಕೇಳುತ್ತಾನೆ.