ಎರಡೇ ಮಂದಿಯ ಮೋಟಾರು

ನಾವು ಸಣ್ಣವರಿದ್ದಾಗ ತಾವರಗೇರೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಹೆಂಗಸರೆಲ್ಲ ಒಲೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದರು. ಅದು ನಿಜಾಮರ ಕಾಲ. ಯಾರಾದರೂ ದೊಡ್ಡ ಸಾಹೇಬರು ಬಂದರಷ್ಟೇ ಆ ಸದ್ದು. ಅಂಥ ಊರಿಗೆ ನಮ್ಮ ಶರಣಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ಬೇಸಿಗೆಯ ಸಂಜೆ ಸ್ವಂತ ಮೋಟಾರು ತಂದು ಕಟ್ಟೆಯ ಮುಂದೆ ನಿಲ್ಲಿಸಿದ. ಅದೂ ಎಂಥದ್ದು! ಉದ್ದ ಮೂತಿ, ಗಿಡ್ಡ ಬೆನ್ನು, ಗಿಳಿಹಸಿರು ಬಣ್ಣ. ತಲೆಯ ಮೇಲೆ ತಗಡಿಲ್ಲ. ಕೂರಲು ಎರಡೇ ಸೀಟು. ಹೈದರಾಬಾದಿನ ಯಾವನೋ ನವಾಬನ ಮಗ ಬೇಸತ್ತು ಬಿಟ್ಟದ್ದಂತೆ. ಬೇಸತ್ತು ಬಿಡುವಂಥದ್ದೇ ಅದು? ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾರುಗಳ ವಿಷಯದಲ್ಲಿ ನಾನು ಹಠಮಾರಿ. ಅನುಕೂಲಕ್ಕೆಂದು ಕೊಳ್ಳುವ ಕಾರು ಅಡಿಗೆಮನೆಯ ಕೊಡ, ತಪ್ಪೇಲಿಗಳ ಸಾಲಿಗೆ ಸೇರಿದ್ದು. ಇರಲಿ ಪಾಪ, ಬೇಕಾಗುತ್ತದೆ. ಆದರೆ ನೋಡಿದ ಕೂಡಲೇ ಎದೆ ಹಾರಬೇಕು, ಎಲ್ಲಿಗೆ ಹೋಗಬೇಕಿತ್ತು ಎನ್ನುವುದೇ ಮರೆತುಹೋಗಬೇಕು. ಅಂಥದ್ದನ್ನು ಮಾತ್ರ ನಾನು ಕಾರು ಅನ್ನುತ್ತೇನೆ. ಈ ಹುಚ್ಚು ಹತ್ತಿದ್ದು ಆ ಸಂಜೆಯೇ. ಪೆಟ್ರೋಲು, ಬಿಸಿ ರಬ್ಬರು, ಹಳೆಯ ಚರ್ಮ ಎಲ್ಲ ಕೂಡಿದ ಆ ವಾಸನೆಗೆ ನಾನು ಗೋಡೆಗಾತು ನಿಂತುಬಿಟ್ಟಿದ್ದೆ.

ಅಜ್ಜ ಮಾತ್ರ ಸುತ್ತ ಒಂದು ಸುತ್ತು ಹಾಕಿ ಮೂಗು ಮುರಿದ.

"ಮೂಟಿ ಹೊರಂಗಿಲ್ಲ, ಮಂದಿ ಹೊರಂಗಿಲ್ಲ. ಮಳಿ ಬಂದ್ರ ತಲಿಮ್ಯಾಲ ಏನೂ ಇಲ್ಲ. ಇದೇನ್ ಗಾಡಿನೋ ಶರಣ್ಯಾ?"

"ಅಪ್ಪಾ, ಇದು ಓಡೂ ಗಾಡಿರಿ. ಹೊರೂ ಗಾಡಿ ಅಲ್ರಿ."

"ಓಡಿ ಎಲ್ಲಿಗೆ ಹೋಗಾಂವ ನೀ?"

ಅಜ್ಜನದೂ ತಪ್ಪಿರಲಿಲ್ಲ. ಹತ್ತಿ, ಸೇಂಗಾ ವ್ಯಾಪಾರದ ತುಂಬಿದ ಮನೆ ನಮ್ಮದು. ಅಂಥ ಮನೆಗೆ ಇಬ್ಬರೇ ಕೂರುವ ಗಾಡಿ ಎಂದರೆ ಒಬ್ಬನಿಗೆ ಬಡಿಸಿ ಉಳಿದವರನ್ನು ಎಬ್ಬಿಸಿದ ಹಾಗೆ. ಕೊನೆಗೆ ಅಜ್ಜ ಒಂದು ಶರತ್ತು ಹಾಕಿದ.

"ಕಾರಹುಣ್ಣಿವಿ ದಿನ ನಮ್ಮ ಕೆಂದೆತ್ತಿನ ಜೋಡಿ ಓಡ್ಸು. ನಿನ್ನ ಗಾಡಿ ಮುಂದ ಬಂದ್ರ ಮನ್ಯಾಗ ಇರ್ಲಿ. ಎತ್ತು ಮುಂದ ಬಂತೋ, ಬಂದ ದಾರಿಗೆ ಸುಂಕ ಇಲ್ಲ ಅಂತ ತಿರುಗಿ ಹೋಗ್ಲಿ."

ಊರೆಲ್ಲ ನಕ್ಕಿತು. ಮೋಟಾರಿನ ಮುಂದೆ ಎತ್ತು ಗೆಲ್ಲುವುದುಂಟೆ? ಮಗನ ಆಸೆಗೆ ಸೋಲಲು ಅಜ್ಜನೇ ಒಂದು ದಾರಿ ಹುಡುಕಿದ್ದನೇನೋ ಎಂದು ನನಗೆ ಈಚೆಗೆ ಅನ್ನಿಸುತ್ತದೆ.

ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೋಡಬಳೆ ಪೋಣಿಸಿದರು. ನಾವು ಹುಡುಗಿಯರು ಸುಮ್ಮನಿರುತ್ತೇವೆಯೇ? ಮೋಟಾರಿನ ಎರಡು ದೀಪಗಳಿಗೂ ಕೋಡಬಳೆ ಸರ ಕಟ್ಟಿದೆವು. ಓಟಕ್ಕೆ ಮುಂಚೆ ಎತ್ತಿಗೆ ಬಲ ಬರಲೆಂದು ಗೊಟ್ಟ ಹಾಕುವುದು ನಮ್ಮ ಕಡೆಯ ಪದ್ಧತಿ. ಮಜ್ಜಿಗೆಗೆ ಅರಿಶಿನ, ಬೆಲ್ಲ, ಕುಸುಬೆ ಎಣ್ಣೆ ಕಲಸಿ, ಬಿದಿರಿನ ನಳಿಗೆಯಲ್ಲಿ ತುಂಬಿ ಎತ್ತಿನ ಗಂಟಲಿಗೆ ಇಳಿಸುತ್ತಾರೆ. ಅಂಗಳವೆಲ್ಲ ಹೋಳಿಗೆ ಮತ್ತು ಅರಿಶಿನದ ಘಮಘಮ.

ಸಂಜೆ ಹಳ್ಳದ ದಂಡೆಯಿಂದ ಓಟ. ಊರ ಹೆಬ್ಬಾಗಿಲಾದ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿತ್ತು. ಅದೇ ಕರಿ. ಅದನ್ನು ಹರಿಯುವುದು ಎತ್ತಿನ ಹಕ್ಕು, ಮೋಟಾರು ಅದರ ಈಚೆಗೇ ನಿಲ್ಲಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಓಟ ಶುರುವೆಂದು ಹಲಗೆ ಬಾರಿಸಿದರು. ಹಸಿರು ಮೋಟಾರು ಬಾಣದಂತೆ ನುಗ್ಗಿತು. ನಾನು ಅಗಸಿಯ ಕಟ್ಟೆ ಹತ್ತಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅರ್ಧ ದಾರಿಗೆ ಬಂದಿತ್ತೋ ಇಲ್ಲವೋ, ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ಹಳದಿ ನೊರೆ ಉಕ್ಕಿತು. ಮೋಟಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಕೆಂದೆತ್ತು ಅದರ ಪಕ್ಕದಲ್ಲೇ ಹಾದು ಬಂದು ಕರಿ ಹರಿಯಿತು. ಕೆಂದ ಹರಿದರೆ ಮುಂಗಾರಿ ಬೆಳೆ ಛಲೋ ಎಂದು ಊರು ಕುಣಿಯಿತು. ನಾನು ಅತ್ತುಬಿಟ್ಟೆ.

ಕಾಕಾ ಮೂತಿಯ ನೀರಿನ ಮುಚ್ಚಳ ತೆಗೆದರೆ ಒಳಗೆಲ್ಲ ಒಡೆದ ಮಜ್ಜಿಗೆ, ಮೇಲೆ ತೇಲುವ ಎಣ್ಣೆ. ಅಜ್ಜನ ಮುಖ ಕೆಂಪಾಯಿತು.

"ಮೋಸದ ಗೆಲುವು ನನಗ ಬ್ಯಾಡ. ಇದನ್ನ ಯಾವಾಂವ ಹಾಕ್ಯಾನ, ಮುಂದ ಬರ್ಲಿ!"

ಹೆಂಗಸರ ಗುಂಪಿನಿಂದ ನಮ್ಮ ಅಜ್ಜಿ ಹೊರಬಂದಳು. ಹತ್ತು ಮಂದಿಯ ನಡುವೆ ಗಂಡನ ಎದುರು ಬಾಯಿ ತೆರೆದವಳೇ ಅಲ್ಲ ಆಕೆ.

"ಯಾವಾಂವ ಅಲ್ರಿ. ನಾನ ಹಾಕೀನಿ. ಎತ್ತಿಗೆಲ್ಲಾ ಗೊಟ್ಟ ಹಾಕಿದ್ರಿ, ಅದಕ್ಕ ಯಾರೂ ಹಾಕ್ಲಿಲ್ಲ. ಶರಣಪ್ಪ ದಿನಾ ನೀರು ಕುಡಸೂ ಬಾಯಿ ಗೊತ್ತಿತ್ತು. ಹಬ್ಬದ ದಿನ ಉಪಾಸ ಓಡೂದು ಬ್ಯಾಡ, ಗೆಲ್ಲಲಿ ಅಂತ ಹಾಕಿದ್ನಿರಿ."

ಜನ ಬಿದ್ದು ಬಿದ್ದು ನಕ್ಕರು. ಕಾಕಾ ನಗಬೇಕೋ ಅಳಬೇಕೋ ತಿಳಿಯದೆ ನೊರೆ ಒರೆಸುತ್ತ ನಿಂತ. ಅಜ್ಜ ಸಣ್ಣ ದನಿಯಲ್ಲಿ ಕೇಳಿದ, "ಅದು ಗೆದ್ರ ನಿನಗೇನ್ ಬರ್ತೈತಿ?"

ಅಜ್ಜಿ ನೆಲ ನೋಡುತ್ತಲೇ ಹೇಳಿದಳು. "ಮದಿವ್ಯಾದಾಗಿಂದ ಕಮಾನಿನ ಎತ್ತಿನ ಗಾಡ್ಯಾಗ ಹಿಂದ ಮಾರಿ ಮಾಡಿ ಕುಂತು ತಿರಗ್ಯಾಡೀನ್ರಿ. ಹೋದ ದಾರಿನ ನೋಡೀನಿ, ಬರೂ ದಾರಿ ನೋಡಿಲ್ಲ. ಇದರಾಗ ಹಿಂದ ಜಾಗಾನ ಇಲ್ಲ. ಕುಂತ್ರ ಮುಂದ ಕುಂದ್ರಬೇಕು."

ಅಜ್ಜ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಮಾತಿನ ಮನುಷ್ಯ ಆತ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದು ಯಾರೂ ಕಂಡಿರಲಿಲ್ಲ.

"ಬ್ಯಾನಿ ಬಿದ್ದ ಎತ್ತಿನ ಓಟ ಲೆಕ್ಕಕ್ಕಿಲ್ಲ," ಎಂದ ಕೊನೆಗೆ. "ಹೊಟ್ಟಿ ಕೆಟ್ಟಿತ್ತು, ಸೋತೈತಿ. ಬರೂ ಕಾರಹುಣ್ಣಿವಿಗೆ ಮತ್ತ ಓಡ್ಲಿ, ಅಲ್ಲೀತನಾ ಇರ್ಲಿ. ಶರಣ್ಯಾ, ಅದರ ಹೊಟ್ಟಿ ತೊಳಿ. ತೊಳದು ನಿಮ್ಮವ್ವನ್ನ ಕುಷ್ಟಗಿತನಾ ಕರ್ಕೊಂಡು ಹೋಗಿ ಬಾ."

ಬಿಸಿನೀರು ಹೊಯ್ದು ಹೊಯ್ದು ಕಾಕಾನ ಕೈ ಸೋತವು. ಮುಂದೆ ಎಷ್ಟೋ ದಿನ ಮೋಟಾರು ಕಾದರೆ ಸಾಕು, ಮಜ್ಜಿಗೆ ಸಾರಿನ ವಾಸನೆ ಬರುತ್ತಿತ್ತು. ಮರುದಿನ ಅಜ್ಜಿ ಇಳಕಲ್ ಸೀರೆ ಉಟ್ಟು, ದೇವರಿಗೆ ಕೈಮುಗಿದು, ಆ ಎರಡನೆಯ ಸೀಟಿನಲ್ಲಿ ಕೂತು ಹೊರಟಳು. ನನಗೂ ಹೋಗಬೇಕಿತ್ತು. ಜಾಗವಿರಲಿಲ್ಲ. ಎರಡೇ ಸೀಟಿನ ಗಾಡಿಯ ಸುಖವೂ ಸಂಕಟವೂ ಅದೇ ತಾನೆ.

ಹೊತ್ತು ಇಳಿಯುವ ಹೊತ್ತಿಗೆ ಮರಳಿ ಬಂದರು. ಅಜ್ಜಿಯ ಸೆರಗು ಹೆಗಲಿಗೆ ಜಾರಿತ್ತು, ಬಿಳಿಗೂದಲು ಕೆದರಿತ್ತು, ಹುಬ್ಬಿನ ತುಂಬ ಧೂಳು. ಅಜ್ಜನ ಎದುರು ಆಕೆಯ ತಲೆ ಬರಿದಾಗಿದ್ದನ್ನು ನಾವು ಕಂಡೇ ಇರಲಿಲ್ಲ.

"ಅತ್ತಿ, ಸೆರಗು..." ಎಂದು ನಮ್ಮವ್ವ ಪಿಸುಗುಟ್ಟಿದಳು.

"ಇರ್ಲಿ ಬಿಡು, ಗಾಳಿ ಐತಿ," ಎಂದ ಅಜ್ಜ. ಬೇವಿನ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

ಅಂದು ಅಜ್ಜಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದಳು, "ದಾರಿ ನಮ್ಮನ್ನ ಬಿಟ್ಟು ಹೋಗಂಗಿಲ್ಲ ಯವ್ವಾ. ನಮ್ಮ ಕಡೀಗೇ ಓಡಿ ಬರ್ತೈತಿ!"

ಆ ಇನ್ನೊಂದು ಓಟ ನಡೆಯಲೇ ಇಲ್ಲ. ಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಮೋಟಾರು ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಗಿ, ಒಂದು ದಿನ ಯಾರದೋ ಕೈ ಸೇರಿತು. ಕಾಕಾ ಅದರ ಹೆಸರೆತ್ತಲಿಲ್ಲ. ನಾನು ಕಾರು ಓಡಿಸಲು ಕಲಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆ ಕೊರಗು ಹೋಗುವಂಥದ್ದಲ್ಲ. ಈಗ ನನ್ನದೇ ಕಾರಿದೆ. ಕಾಲುವೆ ನೀರು ಬಂದ ನಮ್ಮ ಸಿದ್ದಾಪುರದ ಕಡೆ ಭತ್ತದ ಗದ್ದೆಗಳ ನಡುವೆ ದಾರಿ ಚಾಪೆ ಹಾಸಿದಂತಿದೆ. ಪಕ್ಕದಲ್ಲಿ ಕೂತವರು ತೂಕಡಿಸುತ್ತಾರೆ, ಇಲ್ಲವೇ ಇನ್ನೆಷ್ಟು ದೂರ ಎನ್ನುತ್ತಾರೆ. ದಾರಿ ಓಡಿ ಬರುವುದನ್ನು ಕಂಡು ಅಜ್ಜಿಯ ಹಾಗೆ ಹಿಗ್ಗುವವರು ಸಿಕ್ಕಿಲ್ಲ. ಸಿಕ್ಕೇ ಸಿಗುತ್ತಾರೆಂದು, ಒಬ್ಬಳೇ ಹೊರಟಾಗಲೂ ಪಕ್ಕದ ಆ ಸೀಟಿನ ಮೇಲೆ ನನ್ನ ಚೀಲ ಇಡುವುದಿಲ್ಲ.